ಗಂಟೆ ಹೊತ್ತವರು, ಹಗ್ಗ ಹಿಡಿದವರು: ಸಾರ್ಡೀನಿಯಾದ ಗುಡ್ಡಗಾಡಿನ ಕಾರ್ನಿವಲ್

ಮಾಮೊಯಾದಾ ಎಂಬ ಊರಿನ ಕಾರ್ನಿವಲ್ ಮೆರವಣಿಗೆಯಲ್ಲಿ ಹನ್ನೆರಡು ಗಂಡಸರು ಬೆನ್ನ ಮೇಲೆ ಹತ್ತಿರಹತ್ತಿರ 30 ಕಿಲೋ ತೂಕದ ಗಂಟೆಗಳನ್ನು ಹೊತ್ತು, ಮುಖಕ್ಕೆ ಕಪ್ಪು ಮರದ ಮುಖವಾಡ ಕಟ್ಟಿಕೊಂಡು, ತುಟಿಪಿಟಕ್ಕೆನ್ನದೆ ನಡೆಯುತ್ತಾರೆ. ಅವರ ಜೊತೆ ಹಾಡಿಲ್ಲ, ಬ್ಯಾಂಡಿಲ್ಲ, ಬಣ್ಣದ ಕಾಗದದ ಚೂರುಗಳ ಎರಚಾಟವಿಲ್ಲ. ಕಾರ್ನಿವಲ್ ಎಂದರೆ ಗೋವಾದ ಬೀದಿಗಳಲ್ಲಿ ಸಾಗುವ ಟ್ಯಾಬ್ಲೋಗಳು, ರಾಜ ಮೊಮೊನ ಸವಾರಿ ಎಂದುಕೊಂಡವರಿಗೆ ಇದು ಹಬ್ಬವೋ ಶವಯಾತ್ರೆಯೋ ಎಂಬ ಅನುಮಾನ ಬಂದರೆ ತಪ್ಪೇನಿಲ್ಲ. ಆದರೆ ಗೋವಾದ್ದೂ ಮಾಮೊಯಾದಾದ್ದೂ ಒಂದೇ ಹಬ್ಬ. ಒಂದೇ ಪಂಚಾಂಗದಲ್ಲಿ, ಒಂದೇ ದಿನಗಳಲ್ಲಿ ಬರುತ್ತದೆ.

ಮಾಮೊಯಾದಾ ಇರುವುದು ಇಟಲಿಯ ಸಾರ್ಡೀನಿಯಾ ದ್ವೀಪದ ನಟ್ಟನಡುವೆ. ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿಯನ್ನು ಬಿಟ್ಟರೆ ಇದೇ ದೊಡ್ಡ ದ್ವೀಪ; ವಿಸ್ತೀರ್ಣ ಸುಮಾರು 24,000 ಚದರ ಕಿಲೋಮೀಟರ್. ಜನ ಸುಮಾರು 16 ಲಕ್ಷ, ಕುರಿಗಳು ಅದರ ಹೆಚ್ಚುಕಡಿಮೆ ಎರಡು ಪಟ್ಟು. ಕರಾವಳಿಯ ನೀಲಿ ನೀರು, ಶ್ರೀಮಂತರ ದೋಣಿಗಳು ಪ್ರವಾಸಿ ಜಾಹೀರಾತುಗಳಲ್ಲಿ ಕಾಣುವ ಸಾರ್ಡೀನಿಯಾ. ಒಳನಾಡು ಬೇರೆಯೇ. ಅಲ್ಲಿ 1,834 ಮೀಟರ್ ಎತ್ತರಕ್ಕೇರುವ ಜೆನ್ನಾರ್ಜೆಂತು ಬೆಟ್ಟಸಾಲು, ಓಕ್ ಕಾಡು, ಕಲ್ಲು ಹರಡಿದ ಹುಲ್ಲುಗಾವಲು, ಅದರ ಸುತ್ತ ಚೆದುರಿದ ಕುರುಬರ ಊರುಗಳು. ಈ ಸೀಮೆಯ ಹೆಸರು ಬಾರ್ಬಾಜಾ. ಹೆಸರಿಟ್ಟವರು ರೋಮನ್ನರು. ತಮಗೆ ಬಗ್ಗದವರೆಲ್ಲ ‘ಬರ್ಬರ’ರು ಎಂಬುದು ಅವರ ಲೆಕ್ಕ, ಬರ್ಬರರ ನಾಡು ಬಾರ್ಬಾರಿಯಾ ಆಯಿತು, ಕಾಲಕ್ರಮದಲ್ಲಿ ಬಾರ್ಬಾಜಾ ಆಯಿತು. ಬೈಗುಳವೇ ವಿಳಾಸವಾಗಿ ಉಳಿಯಿತು. ಸೀಮೆಯ ಮುಖ್ಯ ಪಟ್ಟಣ ನುಓರೊ. 1926ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಗ್ರಾಜಿಯಾ ದೆಲೆದ್ದಾ ಹುಟ್ಟಿದ್ದು ಅಲ್ಲೇ. ಮನೆಮಾತು ಸಾರ್ಡಿನಿಯನ್. ಅದು ಇಟಾಲಿಯನ್ನಿನ ಉಪಭಾಷೆಯಲ್ಲ, ಲ್ಯಾಟಿನ್ನಿನಿಂದ ನೇರವಾಗಿ ಕವಲೊಡೆದ ಬೇರೆಯೇ ಭಾಷೆ.

ಈ ಜನರ ಬಗ್ಗೆ ಒಂದು ಹಳೆಯ ಕಾಗದವಿದೆ. ಕ್ರಿ.ಶ. 594ರಲ್ಲಿ ಪೋಪ್ ಒಂದನೇ ಗ್ರೆಗೊರಿ ಬಾರ್ಬಾಜಾದವರ ನಾಯಕ ಹೊಸ್ಪಿತೋ ಎಂಬವನಿಗೆ ಪತ್ರ ಬರೆದ. ನೀನೊಬ್ಬ ಕ್ರೈಸ್ತನಾಗಿದ್ದೀಯೆ, ಆದರೆ ನಿನ್ನ ಜನರೆಲ್ಲ ಬುದ್ಧಿಯಿಲ್ಲದ ಪ್ರಾಣಿಗಳಂತೆ ಬದುಕುತ್ತ ಮರವನ್ನೂ ಕಲ್ಲನ್ನೂ ಪೂಜಿಸುತ್ತಿದ್ದಾರೆ ಎಂಬುದು ಪತ್ರದ ದೂರು. ಈಗ, ಹದಿನಾಲ್ಕು ಶತಮಾನಗಳ ಮೇಲೆ, ಅದೇ ಊರುಗಳವರು ವರ್ಷಕ್ಕೊಮ್ಮೆ ಮರದ ಮುಖ ತೊಟ್ಟು ಪ್ರಾಣಿಗಳಾಗುತ್ತಾರೆ. ಪತ್ರಕ್ಕೂ ಮುಖವಾಡಕ್ಕೂ ನೇರ ಸಂಬಂಧ ಕಟ್ಟುವಂತಿಲ್ಲ. ಕಟ್ಟುವ ಆಸೆಯಾಗುವುದಂತೂ ನಿಜ.

ಪಂಚಾಂಗದ ಲೆಕ್ಕ

ಮೊದಲು ದಿನಗಳನ್ನು ಬಿಡಿಸಿಕೊಳ್ಳೋಣ. ಕಾರ್ನಿವಲ್‌ಗೆ ತನ್ನದೇ ಆದ ತಾರೀಖಿಲ್ಲ. ಅದು ಈಸ್ಟರ್‌ನ ಬಾಲ ಹಿಡಿದು ಓಡಾಡುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ಬೂದಿ ಬುಧವಾರ. ಅಂದು ಪಾದ್ರಿ ಭಕ್ತರ ಹಣೆಗೆ ಬೂದಿ ಹಚ್ಚುತ್ತಾರೆ, ತಪಸ್ಸಿನ ಕಾಲ ಶುರುವಾಗುತ್ತದೆ. ನಲವತ್ತು ದಿನದ ವ್ರತಕ್ಕೆ 46 ದಿನ ಯಾಕೆ ಎಂದರೆ, ನಡುವಿನ ಆರು ಭಾನುವಾರಗಳನ್ನು ಉಪವಾಸಕ್ಕೆ ಎಣಿಸುವುದಿಲ್ಲ. ಬೂದಿ ಬುಧವಾರದ ಹಿಂದಿನ ದಿನವೇ ಕಾರ್ನಿವಲ್‌ನ ಕೊನೆಯ ಮಂಗಳವಾರ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಹಾಗಾಗಿ ಆ ಮಂಗಳವಾರ ಫೆಬ್ರುವರಿ 9ಕ್ಕೆ ಬರುತ್ತದೆ.

ವ್ರತ ಹಿಡಿಯುವ ಮುಂಚೆ ಮನೆಯಲ್ಲಿರುವ ಮಾಂಸ, ಕೊಬ್ಬು ಎಲ್ಲ ಮುಗಿಯಬೇಕು. ‘ಕಾರ್ನಿವಲ್’ ಪದದ ಬೇರನ್ನು ಮಾಂಸ ತೆಗೆದಿಡುವುದು ಎಂಬರ್ಥದ ಲ್ಯಾಟಿನ್ ಮಾತಿನಲ್ಲಿ ಹುಡುಕುವುದು ವಾಡಿಕೆ. ಬಾರ್ಬಾಜಾದವರು ಇದನ್ನು ‘ಕರ್ರಾಸೆಕಾರೆ’ ಎನ್ನುತ್ತಾರೆ. ಕರ್ರೆ ಎಂದರೆ ಮಾಂಸ, ಸೆಕಾರೆ ಎಂದರೆ ಕತ್ತರಿಸು. ಮಾಂಸವನ್ನು ಊಟದಿಂದ ಕತ್ತರಿಸಿಹಾಕುವುದೆಂದು ಕೆಲವರು ಅರ್ಥ ಮಾಡುತ್ತಾರೆ. ಅಲ್ಲ, ಇದು ಮೈಯನ್ನೇ ಸಿಗಿಯುವುದು ಎಂದು ಇನ್ನು ಕೆಲವರು. ಈ ಜಗಳಕ್ಕೆ ಆಮೇಲೆ ಬರುತ್ತೇನೆ.

ಹಲವು ಕಡೆ ಕಾರ್ನಿವಲ್ ಕೊನೆಯ ವಾರದ ಗದ್ದಲ. ಬಾರ್ಬಾಜಾದಲ್ಲಿ ಮಾತ್ರ ಅದರ ಬಾಗಿಲು ಜನವರಿಯಲ್ಲೇ ತೆರೆಯುತ್ತದೆ, 16ರ ಸಂಜೆ ಮತ್ತು 17ರಂದು, ಸಂತ ಅಂತೋಣಿಯ ಹಬ್ಬಕ್ಕೆ. ಇವನು ನಮ್ಮ ಡೋರನಹಳ್ಳಿಯ ಅಂತೋಣಿ ಅಲ್ಲ. ಡೋರನಹಳ್ಳಿಯವರು 13ನೇ ಶತಮಾನದ ಪಾದುವಾದ ಸಂತರು, ಕೈಯಲ್ಲಿ ಬಾಲಯೇಸುವನ್ನು ಹಿಡಿದವರು. ಇವನು ಅವರಿಗಿಂತ ಸುಮಾರು ಒಂಬೈನೂರು ವರ್ಷ ಹಿರಿಯ, ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕೂತ ಮುನಿ. ಚಿತ್ರಗಳಲ್ಲಿ ಇವನ ಕಾಲ ಬುಡದಲ್ಲಿ ಹಂದಿ ಇರುತ್ತದೆ. ದನಕರು ಕಾಯುವ ದೇವರೆಂದು ಯುರೋಪಿನ ರೈತರು ಇವನಿಗೆ ನಡೆದುಕೊಳ್ಳುತ್ತಾರೆ.

ಸಾರ್ಡೀನಿಯಾದವರು ಇವನಿಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದಾರೆ. ಅವರ ಕಥೆಯಲ್ಲಿ ಲೋಕಕ್ಕೆ ಬೆಂಕಿಯಿರಲಿಲ್ಲ, ಎಲ್ಲ ನರಕದಲ್ಲೇ ಇತ್ತು. ಅಂತೋಣಿ ತನ್ನ ಹಂದಿಯನ್ನು ಕರೆದುಕೊಂಡು ನರಕದ ಬಾಗಿಲಿಗೆ ಹೋದ. ಹಂದಿ ಒಳಗೆ ನುಗ್ಗಿ ರಂಪ ಎಬ್ಬಿಸಿತು. ಅದನ್ನು ಹಿಡಿದುಕೊಂಡು ಹೋಗು ಮಾರಾಯ ಎಂದು ದೆವ್ವಗಳೇ ಇವನನ್ನು ಒಳಗೆ ಕರೆದವು. ಇವನು ತನ್ನ ಫೆರುಲಾ ಕೋಲಿನ ತುದಿಯನ್ನು ಬೆಂಕಿಗೆ ತಾಗಿಸಿ, ಕಿಡಿಯನ್ನು ಒಳಗಡಗಿಸಿಕೊಂಡು ಹೊರಬಂದ. ಇಂಗು ಕೊಡುವ ಗಿಡದ ಕುಲವೇ ಈ ಫೆರುಲಾ. ಅದರ ಒಣಗಿದ ದಂಟಿನ ಒಳತಿರುಳು ನಿಧಾನವಾಗಿ ಕೆಂಡವಾಗುತ್ತ ಹೋಗುತ್ತದೆ, ಹೊರಗಿನ ಸಿಪ್ಪೆಗೆ ಏನೂ ಆಗುವುದಿಲ್ಲ. ಕುರುಬರಿಗೆ ಗೊತ್ತಿದ್ದ ಉಪಾಯ ಅದು. ಗ್ರೀಕರ ಪ್ರೊಮಿಥಿಯಸ್ ದೇವತೆಗಳಿಂದ ಬೆಂಕಿ ಕದ್ದದ್ದೂ ಇದೇ ಜಾತಿಯ ದಂಟಿನಲ್ಲಿ. ಕಳ್ಳ ಬದಲಾಗಿದ್ದಾನೆ, ಕೋಲು ಬದಲಾಗಿಲ್ಲ.

ಹಾಗಾಗಿ ಜನವರಿ 16ರ ಸಂಜೆ ಮಾಮೊಯಾದಾದಲ್ಲಿ ಪಾದ್ರಿ ಹರಸಿದ ಮೊದಲ ಬೆಂಕಿಯಿಂದ ಕೆಂಡ ಒಯ್ದು ಕೇರಿಕೇರಿಯಲ್ಲೂ ದೊಡ್ಡ ದೊಡ್ಡ ಕೊರಡುಗಳ ರಾಶಿಗೆ ಬೆಂಕಿ ಕೊಡುತ್ತಾರೆ. ಬಂದವರಿಗೆಲ್ಲ ಒಣದ್ರಾಕ್ಷಿ ಹಾಕಿದ ‘ಪಾಪಾಸ್ಸಿನೊಸ್’ ಮಿಠಾಯಿ, ಕನ್ನೊನಾವು ದ್ರಾಕ್ಷಿಯ ಕೆಂಪು ವೈನ್. ಮರುದಿನ ಆ ಬೆಂಕಿಗಳ ಸುತ್ತ, ವರ್ಷದಲ್ಲಿ ಮೊದಲ ಸಲ, ಗಂಟೆ ಹೊತ್ತವರು ಹೊರಬೀಳುತ್ತಾರೆ. ಅವರ ಹೆಸರು ಮಾಮುಥೋನೆಸ್.

ಬೆನ್ನ ಮೇಲಿನ ಮಂದೆ

ಮಾಮುಥೋನ್ ಆಗಲು ಮೈ ಗಟ್ಟಿಯಿರಬೇಕು. ಒಳಗೆ ಗದ್ದೆಗೆ ಹೋಗುವಾಗ ಹಾಕುವಂಥ ದಪ್ಪ ಬಟ್ಟೆ, ಮೇಲೆ ಕಪ್ಪು ಕುರಿಯ ಉಣ್ಣೆ ಸಮೇತದ ಚರ್ಮ. ಅದರ ಮೇಲೆ ‘ಸಾ ಕರ್ರಿಗಾ’, ಅಂದರೆ ಹೊರೆ: ದನ ಕುರಿಗಳ ಕೊರಳಿಗೆ ಕಟ್ಟುವ ಲೋಹದ ಗಂಟೆಗಳನ್ನು ಚರ್ಮದ ಪಟ್ಟಿಗಳಿಗೆ ಪೋಣಿಸಿ ಬೆನ್ನ ತುಂಬ ಹೇರಿದ ಗೊಂಚಲು. ಎದೆಯ ಮೇಲೂ ಸಣ್ಣ ಗಂಟೆಗಳ ಒಂದು ಗುಚ್ಛ. ಇದನ್ನು ತಾನೇ ಕಟ್ಟಿಕೊಳ್ಳಲು ಬರುವುದಿಲ್ಲ. ಇನ್ನೊಬ್ಬರು ಹಿಂದೆ ನಿಂತು ಪಟ್ಟಿಗಳನ್ನು ಎಳೆದೆಳೆದು ಬಿಗಿಯಬೇಕು. ಸಡಿಲವಾದರೆ ಗಂಟೆಗಳು ಅವುಗಳ ಪಾಡಿಗೆ ಅಲ್ಲಾಡಿ ಸದ್ದು ಕಲಸುಮೇಲೋಗರವಾಗುತ್ತದೆ. ಬಿಗಿಯಾದರೆ ಸದ್ದು ಒಂದಾಗುತ್ತದೆ, ಹೊತ್ತವನಿಗೆ ಉಸಿರು ಸಿಗುವುದಿಲ್ಲ. ಕೊನೆಗೆ ಮುಖಕ್ಕೆ ‘ವಿಸೇರಾ’ ಎಂಬ ಮುಖವಾಡ. ಮರದಲ್ಲಿ ಕೆತ್ತಿ ಕಪ್ಪು ಬಳಿದದ್ದು. ಉಬ್ಬಿದ ಕೆನ್ನೆಮೂಳೆ, ಮುಂಚಾಚಿದ ಗದ್ದ, ನೋವುಂಡವನ ಬಾಯಿ. ಅದರ ಮೇಲೆ ತಲೆಯನ್ನೂ ಕಿವಿಯನ್ನೂ ಮುಚ್ಚುವಂತೆ ಕಂದು ಬಣ್ಣದ ವಸ್ತ್ರ. ಅದು ಹೆಂಗಸರು ತಲೆಗೆ ಕಟ್ಟುವ ವಸ್ತ್ರ.

ಹೀಗೆ ಗಂಡಸಿನ ಮೈಗೆ ಕುರಿಯ ಚರ್ಮ, ದನದ ಗಂಟೆ, ಹೆಂಗಸಿನ ಸೆರಗು ಎಲ್ಲ ಸೇರಿದ ಮೇಲೆ ಒಳಗಿರುವವನು ಇಂಥವನೆಂದು ಹೇಳುವುದು ಕಷ್ಟ. ಅವನು ಮಾತನಾಡುವಂತೆಯೂ ಇಲ್ಲ.

ಹನ್ನೆರಡು ಜನ ಎರಡು ಸಾಲಿನಲ್ಲಿ ನಿಲ್ಲುತ್ತಾರೆ. ತಿಂಗಳಿಗೊಬ್ಬರಂತೆ ಹನ್ನೆರಡು ಎಂದು ಊರಿನವರ ವಿವರಣೆ. ನಡಿಗೆಯೇ ಇಲ್ಲಿ ಕಲೆ. ಮೈ ಬಗ್ಗಿಸಿ, ಭಾರದ ಹೆಜ್ಜೆ ಊರುತ್ತ, ಒಂದೇ ಗಳಿಗೆಗೆ ಎಲ್ಲರೂ ಭುಜ ಒದರುತ್ತಾರೆ. ನೂರಾರು ಗಂಟೆಗಳು ಒಂದೇ ಏಟಿಗೆ ‘ಝಣ್’ ಎನ್ನುತ್ತವೆ, ಮತ್ತೆ ನಿಶ್ಶಬ್ದ, ಇನ್ನೊಂದು ಹೆಜ್ಜೆ, ಇನ್ನೊಂದು ಏಟು. ಆಗಾಗ ಎಲ್ಲರೂ ಸೇರಿ ಮೂರು ಸಲ ಬೇಗ ಬೇಗ ಜಿಗಿಯುತ್ತಾರೆ. ಇಡೀ ಮಂದೆ ಒಟ್ಟಿಗೆ ಬೆಚ್ಚಿದಂತೆ. ಗಂಟೆಗಳ ಸದ್ದಿಗೆ ಅರ್ಥ ಹುಡುಕುವವರು ದೆವ್ವ ಓಡಿಸುವುದು, ಚಳಿಗಾಲ ಓಡಿಸುವುದು ಎಂದೆಲ್ಲ ಹೇಳುತ್ತಾರೆ. ನನಗನ್ನಿಸುವುದು, ಅಷ್ಟು ದೂರ ಹೋಗುವ ಮೊದಲು ಕುರುಬನ ಕಿವಿಯಿಂದ ಕೇಳಬೇಕು. ಬೆಟ್ಟದಲ್ಲಿ ಮಂಜು ಕವಿದಾಗ ಅವನ ಕುರಿ ಎಲ್ಲಿದೆ ಎಂದು ತಿಳಿಸುವುದು ಗಂಟೆಯೇ. ಪಕ್ಕದ ತೊನಾರಾ ಊರಿನ ಕಮ್ಮಾರರು ಇವತ್ತಿಗೂ ಕೈಯಲ್ಲಿ ಬಡಿದು, ಸದ್ದು ಹೊಂದಿಸಿ ಗಂಟೆ ಮಾಡುತ್ತಾರೆ. ಆ ಸದ್ದು ಅಂಕೆಯಿಲ್ಲದೆ ಚೆಲ್ಲಾಪಿಲ್ಲಿ ಕೇಳುವುದು ದಿನನಿತ್ಯದ ಮಾತು. ಒಂದೇ ತಾಳಕ್ಕೆ ಕೇಳಿತೆಂದರೆ ಅಲ್ಲಿ ಕುರಿಗಳಲ್ಲದ ಏನೋ ನಡೆದುಬರುತ್ತಿದೆ ಎಂದೇ ಅರ್ಥ.

ಅವರ ಅಕ್ಕಪಕ್ಕದಲ್ಲಿ ನಡೆಯುವವರು ಇಸ್ಸೊಹಾದೋರೆಸ್, ಎಂಟು ಜನ. ಕಣ್ಣಿಗೆ ಇವರು ಪೂರ್ತಿ ತದ್ವಿರುದ್ಧ. ಕೆಂಪು ಅಂಗಿ, ಬಿಳಿ ಷರಾಯಿ, ಸೊಂಟಕ್ಕೆ ಹೂವಿನ ಕಸೂತಿಯ ಶಾಲು, ಹೆಗಲಿಂದ ಇಳಿಬಿಟ್ಟ ಪಟ್ಟಿಯಲ್ಲಿ ಕಿರುಗೆಜ್ಜೆಗಳು. ಕೆಲವರಿಗೆ ಬಿಳಿ ಮುಖವಾಡ, ಕೆಲವರದು ಬರಿ ಮುಖ. ನಡಿಗೆ ಹಗುರ. ಮಾತನಾಡುತ್ತಾರೆ, ಹೆಜ್ಜೆ ತಪ್ಪಿದರೆ ಮಾಮುಥೋನೆಸರನ್ನು ತಿದ್ದುತ್ತಾರೆ. ಕೈಯಲ್ಲಿ ‘ಸಾ ಸೋಹಾ’, ಜೊಂಡಿನ ಹುರಿಯ ಕುಣಿಕೆ ಹಗ್ಗ. ಅವರ ಹೆಸರು ಬಂದದ್ದೇ ಅದರಿಂದ. ನೋಡುತ್ತಿದ್ದಂತೆಯೇ ಗುಂಪಿನ ತಲೆಗಳ ಮೇಲೆ ಹಗ್ಗ ಹಾರಿ, ಹಿಂದೆಲ್ಲೋ ನಿಂತ ಒಬ್ಬಳ ಹೆಗಲಿಗೆ ಬಿದ್ದು ಬಿಗಿದುಕೊಂಡಿರುತ್ತದೆ. ಸಿಕ್ಕಿಬಿದ್ದವರಿಗೆ ಅದು ಶುಭ, ಸಂತಾನಕ್ಕೂ ಆರೋಗ್ಯಕ್ಕೂ ಹರಕೆ. ಹಿಂದೆ ಜಮೀನುದಾರರನ್ನೂ ಹೀಗೆ ಹಿಡಿಯುತ್ತಿದ್ದರಂತೆ. ಹಿಡಿಸಿಕೊಂಡವನು ಎಲ್ಲರನ್ನೂ ಮನೆಗೆ ಕರೆದೊಯ್ದು ವೈನ್ ಸುರಿಯಬೇಕು. ಅಂಥವನಿಗೆ ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ಒಡಂಬಡಿಕೆ.

ಎಲ್ಲ ಊರಲ್ಲೂ ಒಂದು ಹಗ್ಗ

ಬಾರ್ಬಾಜಾದಲ್ಲಿ ಊರಿಗೊಂದು ವೇಷ. ಹೆಸರುಗಳೇ ಗೊಂದಲ ಹುಟ್ಟಿಸುತ್ತವೆ. ಆದರೆ ವೇಷಗಳನ್ನು ಬಿಟ್ಟು ಅವುಗಳ ಕೈಯಲ್ಲಿ ಏನಿದೆ ಎಂದು ನೋಡುತ್ತ ಹೋದರೆ ದಾರಿ ಸುಲಭವಾಗುತ್ತದೆ. ಒಂದಲ್ಲ ಒಂದು ರೂಪದಲ್ಲಿ ಯಾರೋ ಒಬ್ಬರು ಕಟ್ಟಿಸಿಕೊಂಡಿರುತ್ತಾರೆ, ಇನ್ನೊಬ್ಬರು ಹಿಡಿದುಕೊಂಡಿರುತ್ತಾರೆ.

ಒತ್ತನಾದಲ್ಲಿ ಇದು ಬಿಚ್ಚುಬಿಚ್ಚಾಗಿ ಕಾಣುತ್ತದೆ. ಅಲ್ಲಿನ ‘ಬೋಎಸ್’ ಎತ್ತುಗಳು. ಬಿಳಿ ಕುರಿಚರ್ಮ, ಹೆಗಲಿಂದಿಳಿದ ಗಂಟೆಗಳು, ಕಾಡು ಪೇರ್ ಮರದಲ್ಲಿ ಕೆತ್ತಿದ ಕೊಂಬಿನ ಮುಖವಾಡ, ಹಣೆಯ ಮೇಲೆ ನಕ್ಷತ್ರದಂಥ ಚಿತ್ತಾರ. ‘ಮೆರ್ದೂಲೆ’ ಎತ್ತಿನ ಯಜಮಾನ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಚರ್ಮದ ಹಗ್ಗ. ಎತ್ತು ಇದ್ದಕ್ಕಿದ್ದಂತೆ ಹುಚ್ಚೆದ್ದು ನೋಡುವವರ ಮೇಲೆ ನುಗ್ಗುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. ಯಜಮಾನ ಹೊಡೆಯುತ್ತಾನೆ, ಎಳೆಯುತ್ತಾನೆ, ಕೆಲವೊಮ್ಮೆ ತಾನೇ ಎಳೆಸಿಕೊಂಡು ಬೀಳುತ್ತಾನೆ. ಅವನ ಮುಖವಾಡ ಮನುಷ್ಯನದು, ಆದರೆ ಸೊಟ್ಟ, ಅವನೂ ಸುಖಪುರುಷನಲ್ಲ.

ಇವರ ನಡುವೆ ನುಸುಳಿ ಬರುವವಳು ಫಿಲೊಂಜಾನಾ. ಗೂನು ಬೆನ್ನಿನ, ಕಪ್ಪು ಬಟ್ಟೆಯ ಮುದುಕಿ, ಒಳಗಿರುವವನು ಗಂಡಸು. ಕೈಯಲ್ಲಿ ಕದಿರು, ಉಣ್ಣೆ ನೂಲುತ್ತಲೇ ಬರುತ್ತಾಳೆ. ಯಾರ ಎದುರಾದರೂ ನಿಂತು ನೂಲಿನ ಎಳೆ ಹಿಡಿದು ಕತ್ತರಿ ತೋರಿಸಿದಳೆಂದರೆ ಕುಡಿಯಲು ಕೊಡಬೇಕು. ಕೊಡದಿದ್ದರೆ ಎಳೆ ಕತ್ತರಿಸುತ್ತಾಳೆ. ಅದು ಎದುರಿಗಿದ್ದವರ ಆಯಸ್ಸಿನ ಎಳೆ. ಎತ್ತಿಗೆ ಹಗ್ಗ ಹಾಕಿದ ಯಜಮಾನನ ಹಗ್ಗ ಇವಳ ಕೈಯಲ್ಲಿದೆ ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಒತ್ತನಾಕ್ಕೆ ಇನ್ನೊಂದು ನೂಲಿನ ಕಥೆಯೂ ಇದೆ. 1960ರ ದಶಕದಲ್ಲಿ ಸಾರ್ಡೀನಿಯಾದ ಒಳನಾಡು ದರೋಡೆ, ಅಪಹರಣಗಳಿಗೆ ಕುಖ್ಯಾತವಾಗಿತ್ತು. ಇಟಲಿಯ ಸಂಸತ್ತು ವಿಚಾರಣಾ ಆಯೋಗ ನೇಮಿಸಿತು. ಬಡ ಕುರುಬರನ್ನು ಕಾರ್ಖಾನೆ ಕಾರ್ಮಿಕರನ್ನಾಗಿ ಮಾಡಿದರೆ ಅಪರಾಧ ತಗ್ಗುತ್ತದೆ ಎಂಬುದು ಆ ಕಾಲದ ನಂಬಿಕೆ. ಹಾಗೆ 1970ರ ದಶಕದಲ್ಲಿ, ಬಂದರಿನಿಂದ ದೂರದ ಈ ಕುರಿಗಾವಲಿನ ನಡುವೆ, ಸಿಂಥೆಟಿಕ್ ನೂಲು ತಯಾರಿಸುವ ದೊಡ್ಡ ಪೆಟ್ರೋಕೆಮಿಕಲ್ ಕಾರ್ಖಾನೆ ತಲೆಯೆತ್ತಿತು. ಕುರಿ ಉಣ್ಣೆ ನೂಲುವ ಫಿಲೊಂಜಾನಾಳ ಊರಿನಲ್ಲಿ ಕೃತಕ ಉಣ್ಣೆ! ಕಾರ್ಖಾನೆ ಹೆಚ್ಚು ಕಾಲ ಏಳಿಗೆ ಕಾಣಲಿಲ್ಲ, ದಶಕಗಳಿಂದ ಕುಸಿಯುತ್ತ ಬಂದಿದೆ. ಮುದುಕಿ ಮಾತ್ರ ಪ್ರತಿ ವರ್ಷ ಕದಿರು ಹಿಡಿದು ಬರುತ್ತಾಳೆ.

ಒರೊತೆಲ್ಲಿಯ ‘ಥುರ್ಪೊಸ್’ಗೆ ಮರದ ಮುಖವಾಡವೇ ಇಲ್ಲ. ಕಾರ್ಕ್ ಮರದ ತೊಗಟೆ ಸುಟ್ಟ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಂಬಳಿಯಷ್ಟು ಒರಟಾದ ಕಪ್ಪು ಮೇಲಂಗಿಯ ಟೋಪಿಯನ್ನು ಕಣ್ಣವರೆಗೆ ಎಳೆದುಕೊಳ್ಳುತ್ತಾರೆ. ಥುರ್ಪು ಎಂದರೆ ಕುರುಡ, ಹೆಳವ. ಇಬ್ಬರು ನೊಗದೆತ್ತುಗಳು, ಒಬ್ಬ ಹಗ್ಗ ಹಿಡಿದ ರೈತ. ಊರಿನ ಬೀದಿಯನ್ನೇ ಉತ್ತು ಬಿತ್ತುವ ಅಣಕ. ದಾರಿಹೋಕರನ್ನು ಹಿಡಿದು ಕಟ್ಟಿ, ಕುಡಿಸಿದ ಮೇಲೆ ಬಿಡುತ್ತಾರೆ. ಅದು ಕುರಿಯ ಊರಲ್ಲ, ಗೋಧಿಯ ಊರು ಎಂದು ವೇಷವೇ ಹೇಳುತ್ತದೆ. ಫೊನ್ನಿಯಲ್ಲಿ ‘ಸುಉರ್ಥು’ ಎಂಬ ಕರಡಿಯಂಥ ಪ್ರಾಣಿಯನ್ನು ಸರಪಳಿ ಹಾಕಿ ಎಳೆದೊಯ್ಯುತ್ತಾರೆ. ಗಾವೊಯ್‌ನಲ್ಲಿ ಕಟ್ಟುವುದಿಲ್ಲ, ಬಡಿಯುತ್ತಾರೆ. ಕೊನೆಯ ವಾರದ ಗುರುವಾರ ಊರಿಗೆ ಊರೇ ಚರ್ಮ ಬಿಗಿದ ‘ತುಂಬಾರಿನೊಸ್’ ಡೋಲು ಹೊತ್ತು ಹೊರಡುತ್ತದೆ.

ಲೂಲಾ ಊರಿನದನ್ನು ಮಾತ್ರ ಹಗುರವಾಗಿ ದಾಟಲಾಗದು. ಅಲ್ಲಿನ ‘ಸು ಬಾತ್ತಿಲೆದ್ದು’ ಬಲಿಪಶು. ಮೈಗೆ ಚರ್ಮ, ಮುಖಕ್ಕೆ ಮಸಿ ಮತ್ತು ರಕ್ತ, ತಲೆಗೆ ಕೊಂಬು, ಎದೆಗೆ ಗಂಟೆಗಳು. ಅಂಗಿಯಡಿ, ಹೊಟ್ಟೆಯ ಮೇಲೆ, ದನದ ಜಠರದ ಚೀಲದಲ್ಲಿ ರಕ್ತ ತುಂಬಿ ಕಟ್ಟಿರುತ್ತಾರೆ. ಚರ್ಮದ ಹಗ್ಗದಲ್ಲಿ ಅವನನ್ನು ಬೀದಿಯುದ್ದ ಎಳೆದಾಡಿ, ಹೊಡೆದು, ಕೆಡವುತ್ತಾರೆ. ನಡುನಡುವೆ ಚೀಲಕ್ಕೆ ತಿವಿಯುತ್ತಾರೆ, ರಕ್ತ ನೆಲಕ್ಕೆ ತೊಟ್ಟಿಕ್ಕುತ್ತದೆ. ಮಣ್ಣಿಗೆ ರಕ್ತ ಬಿದ್ದರೆ ಬೆಳೆ. ಮುಖಕ್ಕೆ ಮಸಿ ಬಳಿದ, ವಿಧವೆಯರ ಉಡುಗೆ ತೊಟ್ಟ ಗಂಡಸರು ಬಟ್ಟೆಯ ಕೂಸುಗಳನ್ನು ಎತ್ತಿಕೊಂಡು ಸತ್ತವನ ಮೇಲೆ ಬಿದ್ದು ಅಳುತ್ತಾರೆ. ಅಳು ಅಣಕದ್ದೇ, ಆದರೆ ರಾಗ ನಿಜವಾದ ಸಾವಿನ ಮನೆಯದು. ಆಮೇಲೆ ಯಾರೋ ಒಂದು ಲೋಟ ವೈನ್ ತರುತ್ತಾರೆ. ಸತ್ತವನು ಎದ್ದು ಕೂರುತ್ತಾನೆ.

ಯಾರು ಇವರು?

ಮಾಮುಥೋನೆಸ್ ಯಾರು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರ ಪಟ್ಟಿ ಉದ್ದವಿದೆ. 1951ರಲ್ಲಿ ನುಓರೊ ಪಟ್ಟಣದ ರಫಾಯೆಲ್ಲೊ ಮಾರ್ಕಿ ಬರೆದ ಲೇಖನ ಹೊರಗಿನವರ ಕಣ್ಣು ಈ ವೇಷದ ಮೇಲೆ ಬೀಳುವಂತೆ ಮಾಡಿತು. ಅವನಿಗೆ ಇದು ಗೆದ್ದವರು ಸೋತವರನ್ನು ಎಳೆದೊಯ್ಯುವ ಮೆರವಣಿಗೆಯಾಗಿ ಕಂಡಿತು: ಕಡಲದಾಳಿಗೆ ಬಂದ ‘ಮೂರ್’ ಜನರನ್ನು, ಅಂದರೆ ಉತ್ತರ ಆಫ್ರಿಕಾದ ಮುಸ್ಲಿಮರನ್ನು, ಸಾರ್ಡಿನಿಯನ್ನರು ಸೆರೆಹಿಡಿದ ನೆನಪು. ಮುಖವಾಡ ಕಪ್ಪು, ಕಾವಲುಗಾರರ ಅಂಗಿ ಕೆಂಪು, ಕೈಯಲ್ಲಿ ಹಗ್ಗ. ಸೆರೆ ಎಂಬುದು ಸರಿ. ಸೆರೆಯಾಳು ‘ಮೂರ್’ ಜನದವನೇ ಎನ್ನಲು ಆಧಾರ ಬಣ್ಣವೊಂದೇ.

ದೊಲೊರೆಸ್ ತುರ್ಕಿ ಎಂಬ ಸಂಶೋಧಕಿ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಪ್ರತಿ ವರ್ಷ ಸತ್ತು ಹುಟ್ಟುವ ಗ್ರೀಕ್ ದೇವತೆ ಡಯೊನೈಸಸ್‌ನ ಆರಾಧನೆಯೇ ಇದು ಎಂಬುದು ಅವರ ವಾದ. ಕರ್ರಾಸೆಕಾರೆ ಪದದ ಜಗಳ ಇಲ್ಲಿ ಬರುತ್ತದೆ. ಸಾರ್ಡಿನಿಯನ್‌ನಲ್ಲಿ ತಿನ್ನುವ ಮಾಂಸಕ್ಕೆ ‘ಪೆಥಾ’ ಎನ್ನುತ್ತಾರೆ, ‘ಕರ್ರೆ’ ಎನ್ನುವುದು ಮನುಷ್ಯನ ಮೈಗೆ; ಹಾಗಾದರೆ ಕತ್ತರಿಸುವುದು ಊಟವನ್ನಲ್ಲ, ದೇವರ ಬದಲು ನಿಂತ ಬಲಿಯನ್ನು ಎಂದು ಅವರ ತರ್ಕ. ಲೂಲಾದ ಬಾತ್ತಿಲೆದ್ದುವನ್ನು ನೋಡಿದವರಿಗೆ ಈ ಮಾತು ತಳ್ಳಿಹಾಕಲು ಮನಸ್ಸಾಗದು. ಮಾಮೊಯಾದಾಕ್ಕೆ ಬಂದರೆ ವಾದ ಸ್ವಲ್ಪ ಸೊರಗುತ್ತದೆ, ಯಾಕೆಂದರೆ ಅಲ್ಲಿ ಸಾಯುವವನೇ ಇಲ್ಲ. ಇನ್ನು ಕೆಲವರು ಇದನ್ನು ಕಂಚಿನ ಯುಗಕ್ಕೇ ಒಯ್ಯುತ್ತಾರೆ. ದ್ವೀಪದ ತುಂಬ ನಿಂತಿರುವ ನುರಾಗೆ ಎಂಬ ಕಲ್ಲಿನ ಗೋಪುರಗಳು, ಆ ಕಾಲದ ಕೊಂಬಿನ ಶಿರಸ್ತ್ರಾಣದ ಕಂಚಿನ ಬೊಂಬೆಗಳು ಅವರ ಸಾಕ್ಷಿ. ಬೊಂಬೆಗೂ ಇವತ್ತಿನ ಮುಖವಾಡಕ್ಕೂ ನಡುವೆ ಎರಡೂವರೆ ಸಾವಿರ ವರ್ಷಗಳ ಮೌನವಿದೆ. ಅಷ್ಟು ಉದ್ದದ ಹಗ್ಗ ಎಲ್ಲೂ ತುಂಡಾಗಿಲ್ಲ ಎನ್ನಲು ಧೈರ್ಯ ಬೇಕು.

ನನಗೆ ಹೆಚ್ಚು ಹಿಡಿಸುವುದು ಪಕ್ಕಕ್ಕೆ ನೋಡುವ ದಾರಿ. ಸ್ಪೇನಿನ ಉತ್ತರಕ್ಕೆ ಇತುರೆನ್, ಸುಬಿಯೆತಾ ಎಂಬ ಬಾಸ್ಕ್ ಊರುಗಳಲ್ಲಿ ಜನವರಿ ಕೊನೆಗೆ ಗಂಡಸರು ಕುರಿಚರ್ಮ ಸುತ್ತಿ, ಸೊಂಟದ ಹಿಂದೆ ಎರಡು ದೊಡ್ಡ ಗಂಟೆ ಕಟ್ಟಿಕೊಂಡು, ಒಂದೇ ತಾಳಕ್ಕೆ ನಡೆಯುತ್ತಾರೆ. ಬಲ್ಗೇರಿಯಾದಲ್ಲಿ ಕುಕೆರಿ, ಸ್ಲೊವೇನಿಯಾದಲ್ಲಿ ಕುರೆಂತಿ, ಗ್ರೀಸಿನ ಸ್ಕೀರೊಸ್ ದ್ವೀಪದಲ್ಲಿ ‘ಮುದುಕ’. ಎಲ್ಲ ಕಡೆ ಚರ್ಮ ಮತ್ತು ಗಂಟೆ. ಆರನೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದ ಬಿಷಪ್ ಸೆಸಾರಿಯಸ್, ಹೊಸ ವರ್ಷದ ದಿನಗಳಲ್ಲಿ ಜಿಂಕೆ, ಕರುಗಳ ವೇಷ ಹಾಕುವ ಕ್ರೈಸ್ತರನ್ನು ತನ್ನ ಉಪದೇಶಗಳಲ್ಲಿ ತರಾಟೆಗೆ ತೆಗೆದುಕೊಂಡ. ಅಂದರೆ ಅಭ್ಯಾಸ ಹಳೆಯದು, ಹರಡಿದ್ದು ಅಗಲಕ್ಕೆ. ಇವರೆಲ್ಲ ಒಬ್ಬರಿಂದೊಬ್ಬರು ಕಲಿತರೋ, ಚಳಿಗಾಲದಲ್ಲಿ ದನಕುರಿಗಳ ಜೊತೆ ಒಂದೇ ಸೂರಿನಡಿ ಬದುಕಿದವರಿಗೆಲ್ಲ ಇದೇ ಹೊಳೆಯಿತೋ, ಒಂದೇ ಮೂಲ ಹುಡುಕಲೇಬೇಕೆಂಬ ಹಟ ನನಗಿಲ್ಲ. ಪ್ರಾಣಿಯನ್ನು ಕಟ್ಟಿ ಬದುಕುವವನು ವರ್ಷಕ್ಕೊಂದು ದಿನ ತಾನೇ ಕಟ್ಟಿಸಿಕೊಂಡು ನೋಡುತ್ತಾನೆ. ಅಷ್ಟಂತೂ ಯಾವ ಸಿದ್ಧಾಂತದ ನೆರವಿಲ್ಲದೆ ಕಣ್ಣಿಗೆ ಕಾಣುತ್ತದೆ.

ಈಗಿನ ಮಾತು

ಇದೆಲ್ಲ ಅನಾದಿಯಿಂದ ಹೀಗೇ ನಡೆದುಬಂದಿದೆ ಎಂದುಕೊಂಡರೆ ಮೋಸ ಹೋದಂತೆ. ಹಲವು ಊರುಗಳಲ್ಲಿ ವೇಷಗಳು ನಿಂತೇಹೋಗಿದ್ದವು. ಎರಡನೇ ಮಹಾಯುದ್ಧ, ಆಮೇಲೆ ಕೆಲಸ ಹುಡುಕಿ ಉತ್ತರ ಇಟಲಿಗೆ, ಜರ್ಮನಿಗೆ ಹೊರಟ ಯುವಕರು, ಕುರುಬರ ಮಕ್ಕಳೆನಿಸಿಕೊಳ್ಳುವ ನಾಚಿಕೆ, ಎಲ್ಲ ಸೇರಿ ಅವನ್ನು ಅಟ್ಟ ಸೇರಿಸಿದವು. ಲೂಲಾದ ಬಾತ್ತಿಲೆದ್ದು ಮತ್ತೆ ಬೀದಿಗಿಳಿದದ್ದು ಈ ಶತಮಾನದ ಆರಂಭದಲ್ಲಿ, ಮುದುಕರನ್ನು ಕೇಳಿ ಕೇಳಿ ಜೋಡಿಸಿದ ಮೇಲೆ. ಮಾಮೊಯಾದಾದಲ್ಲಿ 2001ರಲ್ಲಿ ಮೆಡಿಟರೇನಿಯನ್ ಮುಖವಾಡಗಳ ಮ್ಯೂಸಿಯಂ ತೆರೆಯಿತು. ಊರಿನ ಜನ ಸುಮಾರು ಎರಡೂವರೆ ಸಾವಿರ; ಅಷ್ಟರಲ್ಲೇ ಮಾಮುಥೋನೆಸ್ ಕಟ್ಟುವ ಎರಡು ತಂಡಗಳಿವೆ. ಒಂದೇ ಊರಿನಲ್ಲಿ ಎರಡು ತಂಡ ಎಂದರೆ ಏನೇನಿರುತ್ತದೆ ಎಂದು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ.

ಈಗ ಬೇಸಿಗೆಯ ಉತ್ಸವಗಳಿಗೂ, ಹೊರನಾಡಿಗೂ ಇವರಿಗೆ ಕರೆ ಬರುತ್ತದೆ. ಆಗಸ್ಟ್ ತಿಂಗಳ ಬಿಸಿಲಲ್ಲಿ ಕುರಿಚರ್ಮ ಹೊದ್ದು ಪ್ರವಾಸಿಗಳೆದುರು ಕುಣಿಯುವುದನ್ನು ಊರಲ್ಲೇ ಕೆಲವರು ಒಪ್ಪುವುದಿಲ್ಲ, ನನಗೂ ಕಸಿವಿಸಿಯೇ. ಚಳಿ, ಬೆಂಕಿ, ಮುಂದೆ ಬರುವ ಉಪವಾಸ ಯಾವುದೂ ಇಲ್ಲದಿದ್ದರೆ ಉಳಿಯುವುದು ತೂಕ ಎತ್ತುವ ಪ್ರದರ್ಶನ. ಆದರೂ, ಹಾಗೆ ಬಂದ ದುಡ್ಡಿನಿಂದ ಮುಖವಾಡ ಕೆತ್ತುವವನ, ಗಂಟೆ ಬಡಿಯುವವನ ಒಲೆ ಉರಿಯುತ್ತಿದ್ದರೆ ಬೇಡವೆನ್ನಲು ನಾವು ಯಾರು.

ಯಾಕೆಂದರೆ ಕುರಿಯ ಬದುಕು ಹಗುರವಾಗಿಲ್ಲ. 2019ರ ಫೆಬ್ರುವರಿಯಲ್ಲಿ, ಸರಿಯಾಗಿ ಕಾರ್ನಿವಲ್‌ನ ದಿನಗಳು ಹತ್ತಿರವಾಗುತ್ತಿದ್ದಾಗ, ಸಾರ್ಡೀನಿಯಾದ ಕುರುಬರು ಕ್ಯಾನ್‌ಗಟ್ಟಲೆ ಹಾಲನ್ನು ಹೆದ್ದಾರಿಗೆ ಸುರಿದರು. ಪೆಕೊರಿನೊ ಚೀಸ್ ಮಾಡಲು ಕೊಡುವ ಕುರಿಹಾಲಿಗೆ ಲೀಟರಿಗೆ 60 ಸೆಂಟ್ ಆಸುಪಾಸು ಸಿಗುತ್ತಿತ್ತು. ಖರ್ಚೂ ಹುಟ್ಟುವುದಿಲ್ಲ, ಒಂದು ಯೂರೋ ಕೊಡಿ ಎಂಬುದು ಅವರ ಬೇಡಿಕೆ. ಬಿಳಿ ಹಾಲು ಡಾಂಬರಿನ ಮೇಲೆ ಹರಿಯುವ ಚಿತ್ರಗಳು ಇಟಲಿಯ ತುಂಬ ಓಡಾಡಿದವು. ಬೆನ್ನಿಗೆ ಹೊರೆ ಕಟ್ಟಿಕೊಂಡು ಮಾತಿಲ್ಲದೆ ನಡೆಯುವವರ ವೇಷ ಅಲ್ಲಿನವರಿಗೆ ಬರೀ ಹಳೆಯ ಕಾಲದ್ದಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಕೊನೆಯ ಮಂಗಳವಾರ ಸಂಜೆ ಮಾಮೊಯಾದಾದ ಚೌಕದಲ್ಲಿ ಗಂಟೆಗಳು ನಿಲ್ಲುತ್ತವೆ. ಕಿರು ಹಾರ್ಮೋನಿಯಂನಂಥ ಆರ್ಗನೆತ್ತೊದ ಸ್ವರಕ್ಕೆ ಗಂಡಸರು ಹೆಂಗಸರು ಕೈಕೈ ಹಿಡಿದು ಸುತ್ತು ಕುಣಿಯುತ್ತಾರೆ. ಫಾವಾ ಎಂಬ ದಪ್ಪ ಅವರೆಯಂಥ ಕಾಳನ್ನು ಹಂದಿ ಕೊಬ್ಬಿನೊಂದಿಗೆ ಬೇಯಿಸಿ ಎಲ್ಲರಿಗೂ ಬಡಿಸುತ್ತಾರೆ. ಮರುದಿನ ಬೂದಿ ಬುಧವಾರ, ಪಂಚಾಂಗದ ಪ್ರಕಾರ ಎಲ್ಲ ಮುಗಿಯಿತು.

ಒಂದು ಊರಿನಲ್ಲಿ ಬಿಟ್ಟು. ಬಾರ್ಬಾಜಾದ್ದೇ ಆದ ಒವೊದ್ದಾದಲ್ಲಿ ಕಾರ್ನಿವಲ್‌ನ ದೊಡ್ಡ ದಿನ ಬೂದಿ ಬುಧವಾರವೇ. ಚರ್ಚಿನಲ್ಲಿ ಹಣೆಗೊಂದು ಬೊಟ್ಟು ಬೂದಿ ಹಚ್ಚುವ ದಿನ, ಇವರು ಸುಟ್ಟ ಕಾರ್ಕಿನ ಮಸಿಯನ್ನು ಇಡೀ ಮುಖಕ್ಕೆ ಬಳಿದುಕೊಳ್ಳುತ್ತಾರೆ. ಬರಿ ಮುಖದಲ್ಲಿ ಬಂದ ಹೊರಗಿನವರಿಗೂ ಬಳಿಯದೆ ಬಿಡುವುದಿಲ್ಲ. ‘ದೊನ್ ಕೊಂತೆ’ ಎಂಬ ಚಿಂದಿಬಟ್ಟೆಯ ದೊಡ್ಡ ಬೊಂಬೆಯನ್ನು ಕತ್ತೆಗಾಡಿಯಲ್ಲಿ ಕೂರಿಸಿ ದಿನವಿಡೀ ಬೀದಿ ಬೀದಿ ಸುತ್ತಿಸುತ್ತಾರೆ. ಹೊತ್ತು ಮುಳುಗುವಾಗ ಊರಂಚಿಗೆ ಒಯ್ದು, ಬೆಂಕಿ ಹಚ್ಚಿ, ಉರಿಯುತ್ತಿರುವಂತೆಯೇ ಕಣಿವೆಗೆ ತಳ್ಳಿ, ಊಟಕ್ಕೆ ಹೋಗುತ್ತಾರೆ.